ಕಲ್ಲು ಹುಡುಕಲು ಹೋದಾಗ ಸಿಕ್ಕ ಗೆಡ್ಡೆ

2024ರ ಫೆಬ್ರವರಿ. ರೊಬಸ್ಟಾ ಕಾಫಿ ಕುಯ್ಲು ಜೋರಾಗಿ ನಡೆಯುತ್ತಿತ್ತು. ಸುಂಟಿಕೊಪ್ಪದ ಹತ್ತಿರ ನಮ್ಮದು ಮೂರೂವರೆ ಎಕರೆ ತೋಟ. ಕೆಲಸಕ್ಕೆ ಜನ ಸಿಗುವುದು ಕಷ್ಟ, ಹಾಗಾಗಿ ನಾನೂ ನಮ್ಮವರೂ ಬೆಳಗ್ಗೆ ಎಂಟಕ್ಕೇ ಗಿಡದ ಬುಡದಲ್ಲಿ ಟಾರ್ಪಾಲು ಹಾಸಿಕೊಂಡು ಶುರು ಮಾಡುತ್ತಿದ್ದೆವು. ಒಂದು ದಿನ ಮಧ್ಯಾಹ್ನ ಬಲಗಡೆ ಸೊಂಟದಿಂದ ತೊಡೆಸಂದಿಯವರೆಗೆ ಎಳೆದುಕೊಂಡು ಹೋಗುವ ನೋವು ಬಂತು. ಕೂತರೂ ಆಗದು, ಮಲಗಿದರೂ ಆಗದು. ಎರಡು ಸಲ ವಾಂತಿಯಾಯಿತು. ಪಕ್ಕದ ಮನೆಯವರ ಜೀಪಿನಲ್ಲಿ ಮಡಿಕೇರಿಗೆ ಹೋದೆವು.

ಕಿಡ್ನಿ ಕಲ್ಲು ಇರಬೇಕು ಅಂತ ಸ್ಕ್ಯಾನಿಂಗ್ ಬರೆದರು. ಕಲ್ಲು ಇತ್ತು, 4 ಮಿಲಿಮೀಟರ್. ಆದರೆ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. ಕಿಬ್ಬೊಟ್ಟೆಯ ಎಡಗಡೆಗೆ ಆ ಸಾಧನ ಒತ್ತಿ ಒತ್ತಿ ನೋಡುತ್ತಾ ಇದ್ದರು. "ಅಮ್ಮ, ನಿಮಗೆ ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ? ಹೊಟ್ಟೆ ಭಾರ ಅನ್ನಿಸ್ತದಾ?" ಅಂತ ಕೇಳಿದರು. ಎಲ್ಲ ಸರಿ ಇದೆ ಅಂದೆ. ನಿಜವಾಗಿಯೂ ಸರಿ ಇತ್ತು. ರಿಪೋರ್ಟಿನಲ್ಲಿ ಕಲ್ಲಿನ ವಿಷಯ ಒಂದು ಸಾಲು. ಕೆಳಗೆ ದಪ್ಪ ಅಕ್ಷರದಲ್ಲಿ, ಎಡ ಅಂಡಾಶಯದ ಜಾಗದಲ್ಲಿ 7 ಸೆಂಟಿಮೀಟರಿಗಿಂತ ದೊಡ್ಡ ಗೆಡ್ಡೆ ಕಾಣುತ್ತಿದೆ, ಮುಂದಿನ ಪರೀಕ್ಷೆ ಬೇಕು ಅಂತ ಇತ್ತು.

ಕಲ್ಲು ನಾಲ್ಕನೇ ದಿನ ಮೂತ್ರದಲ್ಲಿ ತಾನಾಗಿ ಹೋಯಿತು. ಅಷ್ಟು ಸಣ್ಣ ಕಲ್ಲು ಸಾಮಾನ್ಯವಾಗಿ ಹಾಗೇ ಹೋಗುತ್ತದಂತೆ. ಗೆಡ್ಡೆಯ ಮಾತು ಮಾತ್ರ ಮನೆಯಲ್ಲಿ ಉಳಿದುಕೊಂಡಿತು.

ಮೊದಲು ತೋರಿಸಿದ ಕಡೆ, ಯಾವ ಊರು ಯಾವ ಆಸ್ಪತ್ರೆ ಅಂತ ಹೇಳುವುದು ಬೇಡ, ಐದು ನಿಮಿಷದಲ್ಲಿ ಮಾತು ಮುಗಿಯಿತು. ಅಂಡಾಶಯದ ಗೆಡ್ಡೆ, ವಯಸ್ಸು 43, ಮಕ್ಕಳು ಎರಡು ಆಗಿವೆ, ಗರ್ಭಕೋಶ ಮತ್ತು ಎರಡೂ ಅಂಡಾಶಯ ಒಟ್ಟಿಗೆ ತೆಗೆದುಬಿಡೋಣ, ಬರೋ ವಾರ ಬಂದು ಅಡ್ಮಿಟ್ ಆಗಿ ಅಂದರು. ಅಂಡಾಶಯದ ಕ್ಯಾನ್ಸರಿನ ಸುಳಿವು ನೋಡುವ ಸಿಎ 125 ಅನ್ನೋ ರಕ್ತ ಪರೀಕ್ಷೆ ಮಾಡಿಸಿದರು. 35ರ ಒಳಗೆ ಇರಬೇಕಾದದ್ದು ನನಗೆ 14 ಬಂತು. ಆದರೂ ತೆಗೆಯೋದೇ ಅಂದರು. ನಾನು ಒಪ್ಪಿಕೊಂಡೇ ಬಂದೆ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಒಂದೇ, ಅದು ನನ್ನ ಮೈಯಿಂದ ಹೊರಗೆ ಹೋಗಬೇಕು.

ತಡೆದವಳು ಅಣ್ಣನ ಮಗಳು. ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ರಿಪೋರ್ಟ್ ಫೋಟೋ ತೆಗೆದು ಕಳಿಸಿದ್ದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, "ಅತ್ತೆ, ನಿಮಗೆ ಈಗ ನೋವಿಲ್ಲ, ಜ್ವರ ಇಲ್ಲ, ರಕ್ತ ಹೋಗ್ತಿಲ್ಲ. ಮತ್ತೆ ಯಾಕೆ ಬರೋ ವಾರ? ಎಂಆರ್‌ಐ ಮಾಡಿಸದೆ ಯಾರ ಕೈಗೂ ಹೊಟ್ಟೆ ಕೊಡಬೇಡಿ" ಅಂದಳು. ಆಗ ಅವಳ ಮೇಲೆ ಸಿಟ್ಟು ಬಂದಿತ್ತು. ಸಣ್ಣ ಹುಡುಗಿ, ಡಾಕ್ಟರಿಗಿಂತ ಜಾಸ್ತಿ ಗೊತ್ತಾ ಅನ್ನಿಸಿತ್ತು.

ಮಧ್ಯೆ ಇನ್ನೊಂದು ಕಡೆಯೂ ಹೋಗಿದ್ದೆವು. ಅಲ್ಲಿ ಬೇರೆ ಮಾತು. ಗೆಡ್ಡೆ ಹಿಂದುಗಡೆ ಇದ್ದ ಹಾಗಿದೆ, ಗುದದ್ವಾರದಿಂದ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ನಾಳೆಯೇ ಬನ್ನಿ ಅಂದರು. ಸೂಜಿ ಅಷ್ಟೇ ತಾನೆ, ಆಪರೇಷನ್ ಅಲ್ಲವಲ್ಲ ಅಂತ ನಮ್ಮವರಿಗೆ ಸಮಾಧಾನವಾಗಿತ್ತು. ಮರುದಿನ ಕುಯ್ಲಿಗೆ ನಾಲ್ಕು ಜನ ಬರುತ್ತೇವೆ ಅಂತ ಒಪ್ಪಿಕೊಂಡಿದ್ದ ಕಾರಣಕ್ಕೆ ನಾವು ಹೋಗಲಿಲ್ಲ. ಬರೀ ಅದೊಂದೇ ಕಾರಣ. ಆ ಸೂಜಿ ಎಷ್ಟು ದೊಡ್ಡ ವಿಷಯ ಆಗಿತ್ತು ಅಂತ ತಿಳಿದದ್ದು ಒಂದು ತಿಂಗಳಾದ ಮೇಲೆ.

ಮಾರ್ಚಿನಲ್ಲಿ ಮೈಸೂರಿನಲ್ಲಿ ಎಂಆರ್‌ಐ ಆಯಿತು. ನಲವತ್ತು ನಿಮಿಷ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು, ಕಿವಿಗೆ ಹತ್ತಿ ಇಟ್ಟರೂ ಟಕಟಕ ಸದ್ದು ಬಿಡುವುದಿಲ್ಲ, ಕೊನೆಗೆ ಕೈಗೆ ಒಂದು ಔಷಧಿ ಚುಚ್ಚಿ ಮತ್ತೆ ಚಿತ್ರ ತೆಗೆಯುತ್ತಾರೆ. ನಾನು ಕಣ್ಣು ಮುಚ್ಚಿ ನಮ್ಮ ತೋಟದ ಗಿಡಗಳನ್ನು ಗೇಟಿನಿಂದ ಸಾಲುಸಾಲಾಗಿ ಎಣಿಸಿಕೊಂಡು ಹೋದೆ.

ರಿಪೋರ್ಟ್ ಬಂದಾಗ ಎರಡೂ ಅಂಡಾಶಯ ಚೆನ್ನಾಗಿದ್ದವು. ಗರ್ಭಕೋಶವೂ ಚೆನ್ನಾಗಿತ್ತು, ಸ್ವಲ್ಪ ಮುಂದಕ್ಕೆ ತಳ್ಳಿಕೊಂಡಿತ್ತು ಅಷ್ಟೇ. ಗೆಡ್ಡೆ ಇದ್ದದ್ದು ಅವುಗಳ ಹಿಂದೆ, ಮಲ ಹೋಗುವ ದೊಡ್ಡ ಕರುಳಿಗೂ ಬೆನ್ನಿನ ಕೊನೆಯ ತ್ರಿಕೋನದ ಮೂಳೆಗೂ ನಡುವೆ ಇರುವ ಕಿರಿದಾದ ಜಾಗದಲ್ಲಿ. ಆ ಮೂಳೆಗೆ ಸೇಕ್ರಮ್ ಅನ್ನುತ್ತಾರೆ. ಎಡಗಡೆಯ ಮೊದಲನೇ ನರ ಹೊರಗೆ ಬರುವ ತೂತು ಅಗಲವಾಗಿತ್ತು. ನರದ ಮೇಲಿನ ಪೊರೆಯಿಂದ ಹುಟ್ಟುವ ಶ್ವಾನೋಮಾ ಇರಬಹುದು ಅಂತ ಬರೆದಿದ್ದರು.

ಅಂದರೆ ಇಲ್ಲದ ಕಾಯಿಲೆಗೆ ನನ್ನ ಗರ್ಭಕೋಶ, ಅಂಡಾಶಯ ಎಲ್ಲ ಹೋಗುತ್ತಿತ್ತು. ಹೊಟ್ಟೆ ತೆರೆದ ಮೇಲೆ ಗೆಡ್ಡೆ ಇಲ್ಲಿಲ್ಲ, ಹಿಂದೆ ಇದೆ ಅಂತ ಗೊತ್ತಾಗಿ, ತಯಾರಿ ಇಲ್ಲದೆ ಅದಕ್ಕೂ ಕೈ ಹಾಕಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣನ ಮಗಳಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಊರಿನಲ್ಲಿ ತಲೆಗೊಂದು ಮಾತು. ಗೆಡ್ಡೆ ಕರಗಿಸುವ ನಾಟಿ ಮದ್ದು ಕೊಡುವವರು ಇದ್ದಾರೆ ಅಂತ ಒಬ್ಬರು. ಬೆಂಗಳೂರಿಗೆ ಹೋಗುತ್ತೇವೆ ಅಂದರೆ ಸಾಕು, ಕಿದ್ವಾಯಿಗಾ ಅಂತ ತಗ್ಗಿದ ದನಿಯಲ್ಲಿ ಕೇಳುವವರು ಇನ್ನೊಬ್ಬರು. ಕಿದ್ವಾಯಿ ಅಂದರೆ ನಮ್ಮ ಕಡೆ ಕ್ಯಾನ್ಸರ್ ಅಂತಲೇ ಅರ್ಥ. ನಮ್ಮ ಅತ್ತೆ ಮಾತ್ರ ಯಾರಿಗೂ ಉತ್ತರ ಕೊಡದೆ, "ನೀನು ಹೋಗಿ ಕೇಳಿಕೊಂಡು ಬಾ, ಒಲೆ ನಾನು ನೋಡಿಕೊಳ್ತೇನೆ" ಅಂದರು.

ಬೆಂಗಳೂರಿನಲ್ಲಿ ಸಿಕ್ಕ ಸರ್ಜನ್ ಕರುಳು ಮತ್ತು ಕಿಬ್ಬೊಟ್ಟೆಯ ಗೆಡ್ಡೆಗಳ ಆಪರೇಷನ್ನನ್ನೇ ಮಾಡುವವರು. ಅವರು ರಿಪೋರ್ಟ್ ಓದಲಿಲ್ಲ, ಮೊದಲು ಚಿತ್ರಗಳನ್ನೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ಮೂಳೆ, ಕರುಳು, ಗರ್ಭಕೋಶ, ಮೂತ್ರಚೀಲ ಬರೆದು ತೋರಿಸಿದರು. ಆ ಹಾಳೆ ಇವತ್ತಿಗೂ ನನ್ನ ಫೈಲಿನಲ್ಲಿದೆ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಈ ಜಾಗದಲ್ಲಿ ಗೆಡ್ಡೆ ಬರುವುದೇ ಅಪರೂಪ. ದೊಡ್ಡ ಆಸ್ಪತ್ರೆಗೆ ಸೇರುವ ಸುಮಾರು 40,000 ರೋಗಿಗಳಲ್ಲಿ ಒಬ್ಬರಿಗೆ ಅನ್ನುವ ಲೆಕ್ಕ ಡಾಕ್ಟರುಗಳ ಪುಸ್ತಕದಲ್ಲಿದೆಯಂತೆ. ಜಾಗ ಚಿಕ್ಕದಾದರೂ ಅಲ್ಲಿ ಬರುವ ಗೆಡ್ಡೆಗಳು ಹಲವು ತರ. ಹುಟ್ಟುವ ಮೊದಲೇ ಮಾಯವಾಗಬೇಕಾದ ಬಾಲದ ಕರುಳಿನ ತುಣುಕು ಉಳಿದು ನೀರುಗುಳ್ಳೆ ಆಗುವುದಿದೆ. ಬೆನ್ನುಹುರಿಯ ಪೊರೆಯೇ ಚೀಲದ ಹಾಗೆ ಮುಂದಕ್ಕೆ ಉಬ್ಬಿರುವುದಿದೆ. ಮೂಳೆಯಿಂದ ಹುಟ್ಟುವ ಕಾರ್ಡೋಮಾ ಅನ್ನೋ ಕ್ಯಾನ್ಸರ್ ಇದೆ. ನನ್ನದರ ಹಾಗೆ ನರದಿಂದ ಬರುವುದೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿದ್ದ ಥಿಯೋಡೋರ್ ಶ್ವಾನ್ ಅನ್ನೋ ಜರ್ಮನಿಯ ವಿಜ್ಞಾನಿ ನರಕ್ಕೆ ಸುತ್ತಿಕೊಂಡಿರುವ ಕೋಶಗಳನ್ನು ಮೊದಲು ವಿವರಿಸಿದ್ದು, ಅದಕ್ಕೇ ಆ ಹೆಸರು. ಇವು ಬಹುಪಾಲು ಕ್ಯಾನ್ಸರ್ ಅಲ್ಲ, ತುಂಬಾ ನಿಧಾನ ಬೆಳೆಯುತ್ತವೆ. ಮುಂದೆ ಜಾಗ ಇರುವುದರಿಂದ ದೊಡ್ಡದಾಗುವವರೆಗೂ ಗೊತ್ತೇ ಆಗುವುದಿಲ್ಲ.

ನಾನು ಸೂಜಿಯ ಮಾತು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಹಾಕಿಸಿಕೊಂಡ್ರಾ?" ಇಲ್ಲ ಅಂದೆ. "ಒಳ್ಳೇದಾಯ್ತಮ್ಮ" ಅಂದರು. ಬೆನ್ನುಹುರಿಯ ಪೊರೆ ಉಬ್ಬಿದ್ದಾಗಿದ್ದರೆ ಕರುಳಿನ ಕಡೆಯಿಂದ ಹಾಕಿದ ಸೂಜಿ ಮೆದುಳು ಜ್ವರ ತರಬಹುದು. ನೀರುಗುಳ್ಳೆ ಆಗಿದ್ದರೆ ಕೀವಾಗಬಹುದು. ಕಾರ್ಡೋಮಾ ಆಗಿದ್ದರೆ ಸೂಜಿ ಹೋದ ದಾರಿಯಲ್ಲೇ ಕ್ಯಾನ್ಸರ್ ಕೋಶ ಚೆಲ್ಲಿಕೊಂಡು ಬರಬಹುದು, ಆಮೇಲೆ ಆ ದಾರಿಯನ್ನೂ ಸೇರಿಸಿ ಕತ್ತರಿಸಬೇಕು, ಅಂದರೆ ಚೆನ್ನಾಗಿರುವ ಕರುಳೂ ಹೋಗುತ್ತದೆ. ಸೂಜಿ ಪರೀಕ್ಷೆ ಬೇಕೇ ಬೇಕು ಅಂತಾದರೆ ಎಂಆರ್‌ಐ ಆದ ಮೇಲೆ, ಆಪರೇಷನ್ ಮಾಡುವ ಸರ್ಜನ್ ಜೊತೆ ಕೂತು ದಾರಿ ತೀರ್ಮಾನಿಸಿ, ಹಿಂದುಗಡೆಯಿಂದ ಸಿಟಿ ಸ್ಕ್ಯಾನ್ ನೋಡಿಕೊಂಡು ಹಾಕುತ್ತಾರೆ, ಕರುಳಿನ ಮೂಲಕ ಅಲ್ಲ. ನನ್ನ ಚಿತ್ರದಲ್ಲಿ ನರದ ತೂತು ಅಗಲವಾಗಿರುವುದು, ಗೆಡ್ಡೆಯ ಅಂಚು ನುಣುಪಾಗಿರುವುದು ಸ್ಪಷ್ಟ ಇದ್ದ ಕಾರಣ ಸೂಜಿಯೇ ಬೇಡ ಅಂದರು. ಇಷ್ಟನ್ನು ನಾನು ಬಿಡಿಸಿ ಬರೆಯುತ್ತಿರುವುದು ಬೇಕು ಅಂತಲೇ. ನಮ್ಮಂಥವರಿಗೆ ಸೂಜಿ ಅಂದರೆ ಸಣ್ಣ ವಿಷಯ, ಅಲ್ವಾ? ಕುಯ್ಲಿಗೆ ಆ ದಿನ ಜನ ಬರದೇ ಇದ್ದಿದ್ದರೆ ನಾನು ಹೋಗಿ ಹಾಕಿಸಿಕೊಂಡು ಬಂದಿರುತ್ತಿದ್ದೆ.

ಮತ್ತೆ ಕೇಳಿದೆ, ನೋವೇ ಇಲ್ಲದ ಮೇಲೆ ಆಪರೇಷನ್ ಯಾಕೆ, ಸುಮ್ನೆ ಬಿಟ್ಟರೆ ಆಗದಾ? ಇದಕ್ಕೆ ಅವರು ಒತ್ತಾಯ ಮಾಡಲಿಲ್ಲ. ಸಣ್ಣದಿದ್ದು, ವಯಸ್ಸಾಗಿದ್ದವರಿಗೆ ವರ್ಷಕ್ಕೊಂದು ಎಂಆರ್‌ಐ ಮಾಡಿಸಿ ನೋಡುತ್ತಾ ಇರುತ್ತೇವೆ ಅಂದರು. ನನ್ನದು ಏಳೂವರೆ ಸೆಂಟಿಮೀಟರ್, ಎಡಗಡೆಯ ಮೂತ್ರನಾಳವನ್ನು ಆಗಲೇ ಪಕ್ಕಕ್ಕೆ ತಳ್ಳಿದೆ. ಇನ್ನೂ ದೊಡ್ಡದಾದರೆ ತೆಗೆಯುವುದು ಕಷ್ಟ, ನರಕ್ಕೆ ಪೆಟ್ಟಾಗುವ ಸಾಧ್ಯತೆ ಜಾಸ್ತಿ. ಹೊರಗೆ ತೆಗೆದು ಪರೀಕ್ಷೆ ಮಾಡುವವರೆಗೆ ನೂರಕ್ಕೆ ನೂರು ಇದೇ ಅಂತಲೂ ಹೇಳುವ ಹಾಗಿಲ್ಲ. "ಆದರೆ ಅವಸರ ಇಲ್ಲ. ಎರಡು ತಿಂಗಳು ತಗೊಳ್ಳಿ. ಮನೆಯಲ್ಲಿ ಕೂತು ಮಾತಾಡಿ" ಅಂದರು. ಅಷ್ಟು ದಿನದಲ್ಲಿ ನನಗೆ ಅವಸರ ಇಲ್ಲ ಅಂತ ಹೇಳಿದ ಮೊದಲ ಡಾಕ್ಟರು ಅವರು.

ನರದ ವಿಷಯ ನಮ್ಮವರ ಎದುರಿಗೇ ಮುಚ್ಚುಮರೆ ಇಲ್ಲದೆ ಹೇಳಿದರು. ಸೇಕ್ರಮ್‌ನ ಮೊದಲನೇ ನರ ಪಾದಕ್ಕೆ, ಮೀನಖಂಡಕ್ಕೆ ಹೋಗುತ್ತದೆ. ಎರಡು, ಮೂರು, ನಾಲ್ಕನೇ ನರಗಳು ಮೂತ್ರ, ಮಲ, ಗಂಡಹೆಂಡಿರ ಸಂಬಂಧ ಇವಕ್ಕೆ. ಎರಡು ಕಡೆಯ ನರವೂ ಹೋದರೆ ಮೂತ್ರ ಮಲದ ಹಿಡಿತ ಹೋಗುತ್ತದೆ. ಒಂದು ಕಡೆಯದು ಉಳಿದರೆ ಬಹಳ ಜನ ನಿಭಾಯಿಸುತ್ತಾರೆ. ಹಾಗಾಗಿ ಗೆಡ್ಡೆಯನ್ನು ಪೊರೆ ಸಮೇತ ಕಿತ್ತು ತೆಗೆಯುವುದಿಲ್ಲ, ಪೊರೆಯನ್ನು ಸೀಳಿ ಒಳಗಿನದನ್ನು ಬಿಡಿಸಿ ತೆಗೆಯುತ್ತೇವೆ, ನರದ ಎಳೆಗಳು ಪೊರೆಯ ಮೇಲೆ ಹರಡಿರುತ್ತವೆ, ಅಲ್ಲಿ ಸ್ವಲ್ಪ ಪೊರೆ ಬಿಡಬೇಕಾಗಬಹುದು ಅಂದರು. ಗೆಡ್ಡೆ ಮೇಲಿದ್ದರೆ ಹೊಟ್ಟೆಯ ಕಡೆಯಿಂದ, ಸೇಕ್ರಮ್‌ನ ಮೂರನೇ ತುಂಡಿಗಿಂತ ಕೆಳಗಿದ್ದರೆ ಬೋರಲು ಮಲಗಿಸಿ ಹಿಂದುಗಡೆಯಿಂದ, ಎರಡೂ ಕಡೆ ಚಾಚಿದ್ದರೆ ಎರಡೂ ಕಡೆಯಿಂದ. ನನ್ನದು ಹೊಟ್ಟೆಯ ಕಡೆಯಿಂದ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ರಕ್ತದ ಮಾತು. ಆ ಮೂಳೆಯ ಮುಂದೆ ತೆಳ್ಳಗಿನ ರಕ್ತನಾಳಗಳ ಬಲೆ ಇದೆ. ಹರಿದರೆ ತುದಿ ಮೂಳೆಯೊಳಗೆ ಎಳೆದುಕೊಳ್ಳುತ್ತದೆ, ಕಟ್ಟಲು ಕೈಗೆ ಸಿಗುವುದಿಲ್ಲ. ಬಟ್ಟೆ ತುರುಕಿ ಒತ್ತಿ ಹಿಡಿಯಬೇಕು, ಕೆಲವೊಮ್ಮೆ ಡ್ರಾಯಿಂಗ್ ಪಿನ್ನಿನ ಹಾಗಿರುವ ಟೈಟಾನಿಯಂ ಪಿನ್ನನ್ನು ಮೂಳೆಗೆ ಒತ್ತಿ ರಕ್ತ ನಿಲ್ಲಿಸುತ್ತಾರೆ. ಅದಕ್ಕೇ ನಾಲ್ಕು ಬಾಟಲಿ ರಕ್ತ ಇಟ್ಟುಕೊಂಡು ಶುರು ಮಾಡುತ್ತೇವೆ ಅಂದರು. ನಮ್ಮವರ ಮುಖ ಬಿಳಿಚಿಕೊಂಡಿತು. ನನಗೆ ಮಾತ್ರ ಅದೇ ಮಾತಿನಿಂದ ಧೈರ್ಯ ಬಂತು. ಏನೇನು ಕೆಡಬಹುದು ಅಂತ ಗೊತ್ತಿರುವವರ ಕೈಯಲ್ಲಿ ಮಲಗಬಹುದು.

ಮನೆಗೆ ಬರುವಾಗ ಹೂಮಳೆ ಬಿದ್ದು ತೋಟ ಪೂರ್ತಿ ಬಿಳಿಯಾಗಿತ್ತು. ದಿನ ಯಾವಾಗ ಇಟ್ಟುಕೊಳ್ಳುವುದು ಅಂತ ಮಾತಾಡಿದೆವು. ಮಳೆಗಾಲ ಬೇಡ ಅಂತ ಮೊದಲೇ ತೀರ್ಮಾನವಾಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ ಸಂಪಾಜೆ ರಸ್ತೆಯೇ ಮುಚ್ಚಿಹೋದದ್ದನ್ನು ನಾವು ನೋಡಿದವರು. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು, ಏನಾದರೂ ಹೆಚ್ಚುಕಮ್ಮಿ ಆದಾಗ ರಸ್ತೆ ಇಲ್ಲ ಅಂದರೆ? ಮೇ ತಿಂಗಳು ಅಂತ ಆಯಿತು. ಸೊಸೈಟಿಯಲ್ಲಿ ಮಾಡಿಸಿದ್ದ ಯಶಸ್ವಿನಿ ಕಾರ್ಡ್ ಇತ್ತು, 2023ರಲ್ಲಿ ಮತ್ತೆ ಶುರುವಾದದ್ದು. ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಅಂತ ಮೊದಲೇ ಬರಹದಲ್ಲಿ ಕೇಳಿಕೊಂಡೆವು. ಉಳಿದದ್ದಕ್ಕೆ ಒಣಗಿಸಿಟ್ಟಿದ್ದ ಚೆರಿ ಮೂಟೆಗಳನ್ನು ಕೊಟ್ಟೆವು.

ಆಪರೇಷನ್ ಹಿಂದಿನ ದಿನ ಕರುಳು ಖಾಲಿ ಮಾಡಲು ಎರಡು ಲೀಟರ್ ಔಷಧಿ ನೀರು ಕುಡಿಸಿದರು. ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿದರು. ಕರುಳಿಗೆ ಪೆಟ್ಟಾದರೆ ತಾತ್ಕಾಲಿಕವಾಗಿ ಅಲ್ಲಿಂದ ಮಲ ಹೊರಗೆ ಬಿಡಬೇಕಾಗುತ್ತದೆ, ಬೇಕಾಗದೇ ಇರಬಹುದು, ಆದರೂ ಸಹಿ ಬೇಕು ಅಂದರು. ಸಹಿ ಹಾಕುವಾಗ ಕೈ ನಡುಗಿತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಬಿಗಿಯಾದ ಕಾಲುಚೀಲ ಹಾಕಿದರು.

ಮುಂದಿನ ನಾಲ್ಕೂವರೆ ಗಂಟೆ ನನಗೆ ಗೊತ್ತಿಲ್ಲ. ಸರ್ಜನ್ ಜೊತೆ ನರದ ಡಾಕ್ಟರೂ ಇದ್ದರು, ಯಾವ ಎಳೆ ಕೆಲಸ ಮಾಡುತ್ತಿದೆ ಅಂತ ಸಣ್ಣ ಕರೆಂಟು ಕೊಟ್ಟು ನೋಡಿಕೊಂಡು ಬಿಡಿಸಿದರಂತೆ. ಒಂದು ಬಾಟಲಿ ರಕ್ತ ಕೊಟ್ಟರು. ಪಿನ್ ಬೇಕಾಗಲಿಲ್ಲ, ಹೊಟ್ಟೆಯ ಮೇಲಿನ ಗುರುತೂ ಬೇಕಾಗಲಿಲ್ಲ. ಎಚ್ಚರವಾದಾಗ ಮೊದಲು ಕೇಳಿಸಿದ್ದು ಯಾರೋ, "ಅಮ್ಮ, ಎಡಗಾಲಿನ ಹೆಬ್ಬೆರಳು ಅಲ್ಲಾಡಿಸಿ" ಅನ್ನುತ್ತಿದ್ದದ್ದು. ಅಲ್ಲಾಡಿಸಿದೆ. ಪಾದದ ಹೊರಗಿನ ಅಂಚು ಮಾತ್ರ ನನ್ನದಲ್ಲ ಅನ್ನಿಸಿತು, ಮರಗಟ್ಟಿತ್ತು.

ಎರಡನೇ ದಿನವೇ ನಡೆಸಿದರು. ಶ್ವಾಸಕೋಶ ಚೆನ್ನಾಗಿ ಹಿಗ್ಗಲಿ ಅಂತ ಮೂರು ಚೆಂಡಿನ ಸಾಧನದಿಂದ ಉಸಿರು ಎಳೆಯಲು ಹೇಳಿದರು. ಗಾಯದ ನೋವಿಗೆ ಬೆನ್ನಿನ ನಳಿಕೆಯಿಂದ ಔಷಧಿ ಹೋಗುತ್ತಿತ್ತು. ಕಷ್ಟ ಬಂದದ್ದು ಮೂತ್ರದ ವಿಷಯದಲ್ಲಿ. ಮೂರನೇ ದಿನ ಮೂತ್ರದ ನಳಿಕೆ ತೆಗೆದರು. ಮೂತ್ರಚೀಲ ತುಂಬಿದರೂ ಹೋಗಬೇಕು ಅಂತಲೇ ಅನ್ನಿಸಲಿಲ್ಲ. ನಲ್ಲಿ ಬಿಟ್ಟುಕೊಂಡು ಬಾತ್‌ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಮತ್ತೆ ನಳಿಕೆ ಹಾಕಿ, ನರಗಳು ಎಳೆದಾಟಕ್ಕೆ ಸುಸ್ತಾಗಿವೆ, ಕಡಿದಿಲ್ಲ, ಸಮಯ ಕೊಡಿ ಅಂದರು. ನಳಿಕೆಯ ಜೊತೆಗೇ ಎಂಟನೇ ದಿನ ಮನೆಗೆ ಹೊರಟೆ. ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ದಾರಿಯುದ್ದಕ್ಕೂ ಹಂಪ್ ಬಂದಾಗೆಲ್ಲ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಇದನ್ನು ಆಸ್ಪತ್ರೆಯವರು ಯಾರೂ ಹೇಳಿಕೊಟ್ಟಿರಲಿಲ್ಲ, ಪಕ್ಕದ ಬೆಡ್ಡಿನ ಅಜ್ಜಿ ಹೇಳಿಕೊಟ್ಟದ್ದು. ಹನ್ನೆರಡು ದಿನ ಬಿಟ್ಟು ನಳಿಕೆ ತೆಗೆಸಿದಾಗ ಮೂತ್ರ ತಾನಾಗಿ ಬಂತು. ಶುರುವಿನಲ್ಲಿ ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ಹೋಗುತ್ತಿದ್ದೆ, ಯಾಕೆಂದರೆ ತುಂಬಿದ್ದು ಗೊತ್ತಾಗುತ್ತಿರಲಿಲ್ಲ. ಜುಲೈ ಕೊನೆಗೆ ಗೊತ್ತಾಗಲು ಶುರುವಾಯಿತು.

ಗೆಡ್ಡೆಯ ರಿಪೋರ್ಟೂ ಅಷ್ಟರಲ್ಲಿ ಬಂದಿತ್ತು. ಶ್ವಾನೋಮಾ, ಕ್ಯಾನ್ಸರ್ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಒತ್ತಾದ ಭಾಗ, ಸಡಿಲವಾದ ಭಾಗ ಎರಡೂ ಕಾಣುತ್ತವೆ, ಎಸ್‌100 ಅನ್ನೋ ಪರೀಕ್ಷೆ ಪಾಸಿಟಿವ್ ಅಂತ ಇತ್ತು. ಪಾಸಿಟಿವ್ ಅಂದ ಕೂಡಲೇ ನಮ್ಮವರು ಹೆದರಿಬಿಟ್ಟರು. ನರದ ಪೊರೆಯಿಂದಲೇ ಬಂದದ್ದು ಅನ್ನುವುದಕ್ಕೆ ಅದು ಗುರುತು, ಒಳ್ಳೆಯ ಸುದ್ದಿ ಅಂತ ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೆ ಅಂಗಳಕ್ಕೆ ಹೋಗಿ ತುಂಬಾ ಹೊತ್ತು ಒಬ್ಬರೇ ನಿಂತಿದ್ದರು.

ಮಳೆಗಾಲ ಪೂರ್ತಿ ಮನೆಯಲ್ಲೇ. ಎರಡು ತಿಂಗಳು ಕೊಡಪಾನ ಎತ್ತಬಾರದು, ತಿಣುಕಬಾರದು. ಮಲ ಗಟ್ಟಿಯಾಗದ ಹಾಗೆ ಇಸಬ್ಗೋಲ್. ಪಾದದಲ್ಲಿ ರಾತ್ರಿ ಕರೆಂಟು ಹೊಡೆದ ಹಾಗೆ ಆಗುತ್ತಿತ್ತು, ಅದಕ್ಕೆ ಮಾತ್ರೆ. ಅಣ್ಣನ ಮಗಳು ವಾರಕ್ಕೆರಡು ದಿನ ವಿಡಿಯೋ ಕಾಲಿನಲ್ಲಿ ಬೆರಳ ತುದಿಯ ಮೇಲೆ ನಿಲ್ಲುವ ವ್ಯಾಯಾಮ ಮಾಡಿಸುತ್ತಿದ್ದಳು, ಗೋಡೆ ಹಿಡಿದುಕೊಂಡು, ಎಡಗಾಲಿಗೆ ಹತ್ತು, ಬಲಗಾಲಿಗೆ ಐದು. ಕೊಡಗಿನಲ್ಲಿ ಆಗಸ್ಟ್ 3ಕ್ಕೆ ಮದ್ದು ಸೊಪ್ಪು ತಿನ್ನುವ ವಾಡಿಕೆ, ಅತ್ತೆ ಅದರ ಪಾಯಸ ಮಾಡಿದರು. ಡಾಕ್ಟರಿಗೆ ಕೇಳಿ ಅರ್ಧ ಲೋಟ ತಗೊಂಡೆ. ಮರುದಿನ ಬೆಳಗ್ಗೆ ಮೂತ್ರ ಕೆಂಪಗೆ ಕಂಡಾಗ ಎದೆ ಧಸಕ್ಕೆಂದಿತು. ಆ ಸೊಪ್ಪು ತಿಂದರೆ ಹಾಗೇ ಬಣ್ಣ ಬರುತ್ತದೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಗೋಡೆ ಹಿಡಿದು ಒಂದು ನಿಮಿಷ ನಿಂತೆ.

ನವೆಂಬರಿನಲ್ಲಿ, ಹುತ್ತರಿಗೆ ಮುಂಚೆ, ಆಪರೇಷನ್ ಆದ ಮೇಲಿನ ಮೊದಲ ಎಂಆರ್‌ಐ ಆಯಿತು. ಗೆಡ್ಡೆ ಇದ್ದ ಜಾಗ ಖಾಲಿ. ಬೇಕು ಅಂತಲೇ ಬಿಟ್ಟಿದ್ದ ಪೊರೆ ತೆಳ್ಳಗೆ ಗೆರೆಯ ಹಾಗೆ ಕಾಣುತ್ತದೆ, ಅದು ಬೆಳೆಯುತ್ತದಾ ಅಂತ ವರ್ಷಕ್ಕೊಮ್ಮೆ ನೋಡಬೇಕು. ಎಡಪಾದದ ಅಂಚು ಇನ್ನೂ ಸ್ವಲ್ಪ ಮರಗಟ್ಟಿದೆ, ಚಪ್ಪಲಿ ಕಳಚಿದರೆ ಗೊತ್ತಾಗುವುದಿಲ್ಲ, ಹಾಗಾಗಿ ತೋಟಕ್ಕೆ ಬೂಟು ಹಾಕಿಕೊಂಡೇ ಹೋಗುತ್ತೇನೆ. ಕರಿಮೆಣಸಿನ ಏಣಿ ಹತ್ತುವುದು ನಮ್ಮವರೇ. ನಾನು ಕೆಳಗೆ ನಿಂತು ಏಣಿ ಹಿಡಿಯುತ್ತೇನೆ, ಸಂಜೆ ಕಣದಲ್ಲಿ ಚೆರಿ ಹರವುತ್ತೇನೆ.